ಉಸಿರು ಕಾಣಬಾರದು

ಜನವರಿ 9

ಬುಗುರಿಗೆ,

ಹನ್ನೊಂದು ವರ್ಷದ ಮೇಲೆ ನನ್ನ ಕೈಬರಹ ಕಂಡು ನಿನಗೆ ಏನನ್ನಿಸುತ್ತದೋ ತಿಳಿಯದು. ಲಕೋಟೆಯ ಹಿಂದಿನ ವಿಳಾಸ ನೋಡಿಯೇ ಹರಿದು ಹಾಕಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಈಗ ಎಲ್ಲರೂ ನಿನ್ನನ್ನು ಮೇಡಂ ಅನ್ನುತ್ತಾರಂತೆ. ನನಗೆ ಹಾಗೆ ಬರೆಯಲು ಕೈ ಬರಲಿಲ್ಲ. ನಿಂತಲ್ಲೇ ಹದಿನಾರು ಸುತ್ತು ಸುತ್ತುತ್ತಿದ್ದ ಹುಡುಗಿಗೆ ನಾನೇ ಇಟ್ಟ ಹೆಸರಿದು.

ನಮ್ಮ ನೃತ್ಯ ತಂಡದವರು ಯಾರೋ ನಿಮ್ಮೂರಿಗೆ ಹೋದಾಗ ನಿನ್ನ ಕರಪತ್ರ ತಂದರು. ‘ನರ್ತಕರಿಗೆ ಉಸಿರು ಮತ್ತು ನಿಧಾನ ಚಲನೆ’ ಎಂದಿದೆ. ನೆಲದ ಮೇಲೆ ಮಲಗಿ ಮೈಯನ್ನು ಒಳಗಿನಿಂದ ಗಮನಿಸುವ ಪಾಠವಂತೆ. “ಮಲಗೋದನ್ನ ಕಲಿಸೋಕೂ ಶಾಲೆ ಬಂತಾ?” ಎಂದು ನನ್ನ ತಂಗಿ ನಕ್ಕಳು. ತಂಗಿ ನೆನಪಿದ್ದಾಳಲ್ಲ. ತಂಡದ ಉಡುಪೆಲ್ಲ ಹೊಲಿಯುವವಳು ಈಗಲೂ ಅವಳೇ, ನನ್ನ ತಲೆ ತಿನ್ನುವವಳೂ ಅವಳೇ.

ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಒಬ್ಬ ಹುಡುಗಿಗೆ ಉಸಿರಿನ ತೊಂದರೆ. ಹೃದಯ, ಶ್ವಾಸಕೋಶ ಎಲ್ಲ ತೋರಿಸಿಯಾಯಿತು. ಎರಡೂ ಚೆನ್ನಾಗಿವೆ, ಎದೆಗೂಡು ಮಾತ್ರ ಬಿಗಿದುಕೊಂಡಿದೆ ಅಂದರು ಡಾಕ್ಟರು. ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ತಾಳ ಎಣಿಸುತ್ತ ಹೆಜ್ಜೆ ಹಾಕಿದರೆ ಆರಕ್ಕೆ ಬರುವಷ್ಟರಲ್ಲಿ ಗಾಳಿ ಮುಗಿಯುತ್ತದೆ. ಪಕ್ಕೆಲುಬಿಗೆ ಯಾರೋ ಹಗ್ಗ ಸುತ್ತಿದ ಹಾಗಾಗುತ್ತದೆ ಅನ್ನುತ್ತಾಳೆ. ಮಾರ್ಚ್ ಕೊನೆಗೆ ನಮ್ಮ ಪ್ರದರ್ಶನ, ಅದರಲ್ಲಿ ಅವಳಿಗೆ ಏಳು ನಿಮಿಷದ ಪಾತ್ರವಿದೆ. ನಿನ್ನ ಪಾಠದಲ್ಲಿ ಇದಕ್ಕೇನಾದರೂ ಇದ್ದರೆ ಬರೆದು ಕಳಿಸು.

ನಿನ್ನ ಕಾಲು ಹೇಗಿದೆ ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ. ಕೇಳಿಲ್ಲವೆಂದೇ ಇಟ್ಟುಕೋ.

ಟೀಚರ್


ಜನವರಿ 21

ಟೀಚರ್ ಅವರಿಗೆ ನಮಸ್ಕಾರ.

ಪತ್ರ ತಲುಪಿತು. ಕಾಲು ನಡೆಯಲು ಸಾಕು, ಕುಣಿಯಲು ಸಾಲದು.

ಹುಡುಗಿಗೆ ಹೀಗೆ ಹೇಳಿ. ನೆಲದ ಮೇಲೆ ದಪ್ಪ ಜಮಖಾನ ಹಾಸಿ ಅಂಗಾತ ಮಲಗಲಿ. ಮಂಡಿ ಮಡಚಿ ಪಾದ ಊರಲಿ. ಎರಡು ಕೈಯನ್ನೂ ಪಕ್ಕೆಲುಬಿನ ಕೆಳ ಅಂಚಿನ ಮೇಲೆ ಇಟ್ಟುಕೊಳ್ಳಲಿ. ಉಸಿರನ್ನು ಎಳೆಯುವುದು ಬೇಡ. ಅದು ಬರಲಿ, ಹೋಗಲಿ. ಕೈಯಡಿಯಲ್ಲಿ ಏನು ಅಲುಗುತ್ತದೆ, ಏನು ಅಲುಗುವುದಿಲ್ಲ ಅನ್ನುವುದನ್ನಷ್ಟೇ ನೋಡಲಿ. ಹತ್ತು ನಿಮಿಷ ಸಾಕು. ಸರಿಪಡಿಸಲು ಹೋಗಬಾರದು. ನರ್ತಕರಿಗೆ ಇದೇ ಕಷ್ಟ, ಏನು ಕಂಡರೂ ತಕ್ಷಣ ತಿದ್ದಿಬಿಡುತ್ತಾರೆ.

ನಾನಿರುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಹಾಲಿನಲ್ಲಿ. ಕೆಳಗೆ ಇಡೀ ದಿನ ಸುತ್ತಿಗೆ ಸದ್ದು. ಆ ಸದ್ದಿನಲ್ಲೇ ಮೂರು ತಂಡಗಳ ನರ್ತಕರು ಬಂದು ಮಲಗುತ್ತಾರೆ. ನಿಮ್ಮ ಹುಡುಗಿಗೂ ಮೌನವೇನೂ ಬೇಕಿಲ್ಲ.

ಅವಳ ವಯಸ್ಸೆಷ್ಟು, ಎಷ್ಟು ವರ್ಷದಿಂದ ಕುಣಿಯುತ್ತಿದ್ದಾಳೆ ಎಂದು ನೀವು ಬರೆದಿಲ್ಲ. ಫೋನ್ ನಂಬರು ಕೆಳಗಿದೆ. ಅವಳೇ ಮಾತಾಡಿದರೆ ಒಳ್ಳೆಯದು.

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿನಿ


ಫೆಬ್ರವರಿ 3

ಬುಗುರಿಗೆ,

ಹೇಳಿದ ಹಾಗೆ ಮಾಡಿಸಿದೆ. ಮೊದಲ ಮೂರು ದಿನ ನಿದ್ದೆ ಬಂತು, ಬೇರೇನೂ ಬರಲಿಲ್ಲ. ಮೂರನೆಯ ದಿನ ನನ್ನ ತಂಗಿ ಕೋಣೆಗೆ ಬಂದವಳು, ನೆಲದ ಮೇಲೆ ಮನುಷ್ಯರು ಬಿದ್ದಿರುವುದು ಕಂಡು ಕೈಯಲ್ಲಿದ್ದ ಕತ್ತರಿ ಬೀಳಿಸಿದಳು. ಈಗ ಬಾಗಿಲಿಗೆ ‘ಪಾಠ ನಡೆಯುತ್ತಿದೆ’ ಎಂದು ಚೀಟಿ ಅಂಟಿಸಿದ್ದಾಳೆ.

ನಾಲ್ಕನೆಯ ದಿನ ಒಂದು ಗೊತ್ತಾಯಿತು. ಎದೆಯ ಮೇಲ್ಭಾಗ ಏಳುತ್ತದೆ, ಭುಜವೂ ಅದರ ಜೊತೆ ಏಳುತ್ತದೆ. ಬೆನ್ನು ಮಾತ್ರ ಹಲಗೆ. ಪಕ್ಕೆ ಎರಡೂ ಬೀಗ ಜಡಿದ ಹಾಗೆ. ಇಷ್ಟು ವರ್ಷ ಅಲ್ಲಿ ಉಸಿರು ಹೋಗಬೇಕೆಂದೇ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ? ಪ್ರೇಕ್ಷಕರಿಗೆ ಉಸಿರು ಕಾಣಬಾರದು ಎನ್ನುವುದೇ ನಮ್ಮ ಮೊದಲ ಪಾಠ. ಎಷ್ಟು ಕುಣಿದರೂ ಎದೆ ಅಲುಗದೆ, ಮುಖದಲ್ಲಿ ನಗು ಮಾಸದೆ ನಿಲ್ಲಬೇಕು. ನನ್ನ ಗುರುಗಳು ನನಗೆ ಹೇಳಿದ್ದು ಅದನ್ನೇ, ನಾನು ನಿಮಗೆ ಹೇಳಿದ್ದೂ ಅದನ್ನೇ.

‘ಉಸಿರನ್ನು ಎಳೆಯಬೇಡಿ, ಬರಲಿ’ ಎಂದಿದ್ದೀಯ. ಅದೇನು ನೆಂಟನೇ, ಬಾಗಿಲು ತೆಗೆದಿಟ್ಟು ಕಾಯಲು? ಇದು ಕಲೆಯೋ ಸೋಮಾರಿತನವೋ ನನಗಿನ್ನೂ ತೀರ್ಮಾನವಾಗಿಲ್ಲ.

ಹುಡುಗಿ ಫೋನ್ ಮಾಡುವವಳಲ್ಲ, ಸಂಕೋಚ. ವಯಸ್ಸಿಗೆ ಬಂದವಳೇ ಅನ್ನು. ಪ್ರದರ್ಶನಕ್ಕೆ ಇನ್ನು ಏಳು ವಾರ ಇದೆ. ತಾಲೀಮಿನಲ್ಲಿ ಕಷ್ಟಪಡುತ್ತಿದ್ದಾಳೆ, ಆದರೂ ಬಿಟ್ಟುಕೊಡುವ ಪೈಕಿ ಅಲ್ಲ. ಮುಂದಿನದನ್ನು ಬೇಗ ಬರೆ.

ಟೀಚರ್


ಫೆಬ್ರವರಿ 16

ಟೀಚರ್ ಅವರಿಗೆ,

ನಿಮ್ಮ ಪತ್ರ ಮೂರು ಸಲ ಓದಿದೆ. ಮುಂದಿನ ಪಾಠ ಬರೆಯಲು ಕೂತರೆ ಕೈ ನಡೆಯಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ಆ ಹುಡುಗಿಯನ್ನು ಪ್ರದರ್ಶನದಿಂದ ತೆಗೆಯಿರಿ. ಆರು ಎಣಿಸುವಷ್ಟರಲ್ಲಿ ಗಾಳಿ ಮುಗಿಯುವವಳು ಏಳು ವಾರದಲ್ಲಿ ಏಳು ನಿಮಿಷ ಕುಣಿಯುವ ಹಾಗೆ ಮಾಡಿಕೊಡು ಎಂದು ನೀವು ಕೇಳುತ್ತಿದ್ದೀರಿ. ನನ್ನ ಪಾಠ ಅದಕ್ಕಲ್ಲ. ನೋವನ್ನು ಅಡಗಿಸಿ ರಂಗಕ್ಕೆ ತಳ್ಳುವ ಕೆಲಸಕ್ಕೆ ನಾನು ಎಣ್ಣೆ ಹಾಕುವುದಿಲ್ಲ.

‘ಬಿಟ್ಟುಕೊಡುವ ಪೈಕಿ ಅಲ್ಲ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನನ್ನ ಬಗ್ಗೆಯೂ ಆವತ್ತು ಹಾಗೇ ಹೇಳುತ್ತಿದ್ದಿರಿ. ಗ್ರೀನ್ ರೂಮಿನಲ್ಲಿ ಮಂಡಿ ನೋಯುತ್ತಿದೆ ಎಂದು ನಾನು ಅಂದಾಗ ನೀವು ನನ್ನ ಗಲ್ಲ ಎತ್ತಿ ಹೇಳಿದ್ದು ಈಗಲೂ ಕಿವಿಯಲ್ಲಿದೆ: “ಹತ್ತು ನಿಮಿಷ ತಾನೆ? ಉಸಿರು ಬಿಗಿಹಿಡಿ, ನಗ್ತಾ ಮುಗಿಸು.” ಆರನೆಯ ನಿಮಿಷಕ್ಕೆ ಲಿಗಮೆಂಟ್ ಹರಿಯಿತು. ಆಗ ನನಗೆ ಇಪ್ಪತ್ಮೂರು.

ಹೊಸದಾಗಿ ಬರುವ ಪ್ರತಿ ಗುಂಪಿಗೂ ಮೊದಲ ದಿನ ನಾನು ಇದನ್ನು ಹೇಳುತ್ತೇನೆ. ನಿಮ್ಮ ಹೆಸರು ಹೇಳುವುದಿಲ್ಲ, ಆದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಆಗಲಿ. ಇನ್ನೊಬ್ಬ ಹುಡುಗಿಗೆ ಹಾಗಾಗಬಾರದು.

ಅವಳು ‘ನೋವಿಲ್ಲ’ ಅಂದರೆ ನಂಬಬೇಡಿ.

ವಿದ್ಯಾರ್ಥಿನಿ


ಏಪ್ರಿಲ್ 2

ಬುಗುರಿಗೆ,

ಆರು ವಾರ ಉತ್ತರ ಬರೆಯಲಿಲ್ಲ. ಕೋಪದಿಂದ ಅಂದುಕೊಂಡಿರಬಹುದು. ನಾಚಿಕೆ ಕಣೇ.

ಹುಡುಗಿ ಅಂತ ಯಾರೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಾನು ಎಮ್ಮೆಯನ್ನೇ ಕಟ್ಟಿ ಹೇಳಿದೆ. ಉಸಿರಿಲ್ಲದವಳು ನಾನು. ಅರವತ್ಮೂರು ವರ್ಷ ನನಗೆ. ತಾಲೀಮಿನ ಹಾಲು ಮಹಡಿಯ ಮೇಲಿರುವುದು ನಿನಗೆ ಗೊತ್ತು. ಹತ್ತೊಂಬತ್ತು ಮೆಟ್ಟಿಲು. ಹೋದ ವರ್ಷದಿಂದ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಬಂದು, ಮಧ್ಯೆ ಎರಡು ಸಲ ಕೂತು ಹತ್ತುತ್ತಿದ್ದೆ, ಯಾರೂ ನೋಡಬಾರದೆಂದು. ಅವಳೇ ಫೋನಿನಲ್ಲಿ ಮಾತಾಡಲಿ ಎಂದೆಯಲ್ಲ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ನನ್ನ ದನಿ ಎರಡು ಕಡೆ ತುಂಡಾಗುತ್ತದೆ. ನೀನು ಕ್ಷಣದಲ್ಲಿ ಪತ್ತೆ ಹಚ್ಚುತ್ತಿದ್ದೆ. ಅದಕ್ಕೇ ಕಾಗದ.

ನಿನ್ನ ಪತ್ರ ಬಂದ ಮೇಲೆ ಪ್ರದರ್ಶನದ ಪಾತ್ರ ಬಿಟ್ಟುಕೊಟ್ಟೆ. ಇನ್ನೊಬ್ಬಳು ಮಾಡಿದಳು, ಚೆನ್ನಾಗಿಯೇ ಮಾಡಿದಳು. ನಾನು ಪರದೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ನಲವತ್ತು ವರ್ಷದಲ್ಲಿ ಮೊದಲ ಸಲ ಪ್ರದರ್ಶನದ ದಿನ ನನ್ನ ಮುಖಕ್ಕೆ ಬಣ್ಣವಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆ ಹಿಡಿದು ದಮ್ಮು ಎಳೆಯುತ್ತಿದ್ದರು. ನನ್ನನ್ನು ಕಂಡ ತಕ್ಷಣ ಬಾಯಿ ಮುಚ್ಚಿ ನೆಟ್ಟಗೆ ನಿಲ್ಲುತ್ತಿದ್ದರು. ಅಷ್ಟು ವರ್ಷ ಅದು ನನಗೆ ಶಿಸ್ತಾಗಿ ಕಾಣುತ್ತಿತ್ತು.

ಗ್ರೀನ್ ರೂಮಿನ ಮಾತು ನಾನು ಹೇಳಿದ್ದೇ. ಅಕ್ಷರ ತಪ್ಪಿಲ್ಲದೆ ಬರೆದಿದ್ದೀಯ. ನೀನು ಹೇಳಿಕೊಂಡು ಬಂದ ಕತೆ ಇಲ್ಲಿಗೂ ತಲುಪಿತ್ತು. ಮೂರು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. “ಅಕ್ಕಾ, ನೀನ್ಯಾಕೆ ಬಾಯಿ ಬಿಡಲ್ಲ?” ಎಂದು ತಂಗಿ ರೇಗುತ್ತಿದ್ದಳು. ಏನೆಂದು ಬಿಡಲಿ? ಸುಳ್ಳು ಅನ್ನಲು ಅದು ಸುಳ್ಳಲ್ಲ.

ಒಂದೇ ಒಂದು ಕೇಳುತ್ತೇನೆ. ಅವತ್ತು ನಾನು ನಿನ್ನ ಗಲ್ಲ ಹಿಡಿದು ಮುಖ ನೋಡಿದೆನಲ್ಲ. ಅಷ್ಟು ಹತ್ತಿರದಿಂದ ನೋಡಿಯೂ ನನಗೆ ನೋವು ಕಾಣಲಿಲ್ಲ. ಹನ್ನೊಂದು ವರ್ಷದಿಂದ ಆ ಮುಖವನ್ನು ನೆನಪಿನಲ್ಲಿ ತಿರುವಿ ಹಾಕುತ್ತಿದ್ದೇನೆ. ಅದು ಅಲ್ಲಿ ಇತ್ತೇ? ನನಗೇ ಕಾಣದೆ ಹೋಯಿತೇ? ಮಕ್ಕಳ ನೋವು ಕಣ್ಣೆದುರಿಗಿದ್ದರೂ ಕಾಣದವಳು ಗುರು ಹೇಗಾದಳು ಅನ್ನುವುದು ನನ್ನ ಪ್ರಶ್ನೆ.

ಟೀಚರ್


ಏಪ್ರಿಲ್ 11

ಪ್ರೀತಿಯ ಟೀಚರ್,

ನಾನು ಬರೆದ ರೀತಿಗೆ ಕ್ಷಮೆ ಕೇಳುತ್ತೇನೆ. ನೀವೇ ಎಂದು ಹೊಳೆಯಲೇ ಇಲ್ಲ. ನಿಮಗೆ ದಣಿವಾಗುತ್ತದೆ ಅನ್ನುವುದೇ ನನ್ನ ಕಲ್ಪನೆಯಲ್ಲಿರಲಿಲ್ಲ.

ಮುಂದಿನ ಪಾಠ. ಇದು ನಿಮಗೆಂದೇ ಯೋಚಿಸಿ ಬರೆದದ್ದು.

ಬೆಳಿಗ್ಗೆ ಎಡಮಗ್ಗುಲಾಗಿ ಮಲಗಿ, ತಲೆಯಡಿಗೆ ದಿಂಬಿರಲಿ. ಬಲಗೈಯನ್ನು ಮೇಲಿನ ಪಕ್ಕೆಯ ಮೇಲಿಡಿ. ಉಸಿರು ಬಿಡುವಾಗ ‘ಮ್’ ಎಂದು ಮೆಲ್ಲಗೆ ಗುನುಗಿ, ಜೇನು ದೂರದಲ್ಲಿ ಹಾರುವಷ್ಟೇ ಸದ್ದು. ಗಾಳಿ ಮುಗಿದಾಗ ಒಂದು ಕ್ಷಣ ಸುಮ್ಮನಿರಿ. ಒಳಗೆ ಬರುವ ಉಸಿರು ತಾನಾಗಿ ಬರುತ್ತದೆ. ಹೌದು, ನೆಂಟನೇ ಅದು. ಕರೆದರೆ ಮುನಿಸಿಕೊಳ್ಳುತ್ತದೆ, ಕಾದರೆ ಬರುತ್ತದೆ. ಆಮೇಲೆ ಬಲಮಗ್ಗುಲು. ವಾರ ಕಳೆದ ಮೇಲೆ ತಾಳ ಎಣಿಸಿ, ಆದರೆ ಪಿಸುಮಾತಿನಲ್ಲಿ, ಉಸಿರು ಬಿಡುತ್ತ ಮಾತ್ರ. ಆರು ಬಂದರೆ ಆರು. ಏಳಕ್ಕೆ ಆಸೆಪಡಬೇಡಿ.

ಮೆಟ್ಟಿಲಿಗೆ: ಹೆಜ್ಜೆ ಎತ್ತುವಾಗ ಉಸಿರು ಬಿಡಿ. ನಾವೆಲ್ಲ ಅಲ್ಲೇ ಹಿಡಿಯುತ್ತೇವೆ. ನಿಲ್ಲಬೇಕು ಅನ್ನಿಸಿದರೆ ಎಲ್ಲರ ಎದುರೇ ನಿಲ್ಲಿ. ನೀವು ಕದ್ದು ಹತ್ತುತ್ತಿದ್ದಿರಿ ಎಂದು ಓದಿ ನನಗೆ ತುಂಬ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಎದೆನೋವೋ ತಲೆಸುತ್ತೋ ಬಂದರೆ ಪಾಠ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ತಂಗಿಯವರಿಗೂ ಇದನ್ನು ಓದಿ ಹೇಳಿ, ನೀವು ಮುಚ್ಚಿಡುತ್ತೀರಿ.

ನಿಮ್ಮ
ಬುಗುರಿ


ಮೇ 1

ಬುಗುರಿಗೆ,

ಹದಿನಾಲ್ಕು. ಪಿಸುಮಾತಿನಲ್ಲಿ ಹದಿನಾಲ್ಕರವರೆಗೆ ಬಂತು. ಬಡಾಯಿಯಲ್ಲ, ತಂಗಿ ಸಾಕ್ಷಿ. ಅವಳೂ ಈಗ ಪಕ್ಕದಲ್ಲಿ ಮಲಗುತ್ತಾಳೆ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಅವಳ ಬೆನ್ನೂ ಗೂನು. “ನಾನು ಹುಟ್ಟಿದ್ದೇ ಈ ಪಾಠಕ್ಕೆ” ಅನ್ನುತ್ತಾಳೆ, ಎರಡು ನಿಮಿಷಕ್ಕೆ ಗೊರಕೆ.

ಹೋದ ಸೋಮವಾರ ಬೆನ್ನಿನಲ್ಲಿ, ಎಡ ಹೆಗಲಿನ ಕೆಳಗೆ, ಏನೋ ಸಡಿಲವಾಯಿತು. ಗಾಳಿ ಅಲ್ಲಿಗೆ ಹೋಯಿತು. ಬಹಳ ದಿನ ಮುಚ್ಚಿಟ್ಟ ಕೋಣೆಯ ಕಿಟಕಿ ತೆಗೆದ ಹಾಗೆ. ಎದ್ದು ಕೂತೆ, ಅಳು ಬಂತು. ಯಾಕೆಂದು ಕೇಳಬೇಡ, ನನಗೂ ಗೊತ್ತಿಲ್ಲ.

ಮೆಟ್ಟಿಲನ್ನು ಈಗ ಹುಡುಗಿಯರ ಜೊತೆಗೇ ಹತ್ತುತ್ತೇನೆ. ಹತ್ತನೆಯ ಮೆಟ್ಟಿಲಲ್ಲಿ ನಿಂತು “ಇರ್ರೇ, ಉಸಿರು ಬರಲಿ” ಅಂದೆ. ಮೊದಲ ದಿನ ಅವರ ಮುಖ ನೋಡಬೇಕಿತ್ತು, ಗಡಿಯಾರ ಮಾತಾಡಿದ ಹಾಗೆ ಬೆಚ್ಚಿಬಿದ್ದರು. ತಾಲೀಮಿನಲ್ಲಿ “ಉಸಿರು ಕೇಳಿಸ್ಲಿ, ಪರವಾಗಿಲ್ಲ” ಎಂದೆ. ಒಂದು ಗಂಟೆ ಯಾರೂ ನಂಬಲಿಲ್ಲ. ಆಮೇಲೆ ಹಾಲೆಲ್ಲ ಕುಲುಮೆಯ ತಿದಿ ಒತ್ತುವ ಸದ್ದು. ನಿನಗೆ ಹೇಳಿದರೆ ನಗುತ್ತೀಯ, ಸುತ್ತು ಸಲೀಸಾದವು.

ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ನೋವಾಗುತ್ತದೆಂದು ಬಿಟ್ಟಿದ್ದೀಯ, ಅರ್ಥವಾಯಿತು. ಅದೇ ಉತ್ತರ.

ಈ ತಿಂಗಳ ಇಪ್ಪತ್ತಕ್ಕೆ ತಂಡದ ವಾರ್ಷಿಕ ಸಭೆ. ಮಕ್ಕಳ ಮನೆಯವರೂ ಬರುತ್ತಾರೆ. ಅಲ್ಲಿ ಎದ್ದು ನಿಂತು, ನಿನಗೆ ನಾನು ಮಾಡಿದ್ದನ್ನು ಹೇಳಿ, ಕಲಿಸುವುದನ್ನು ಬಿಡಬೇಕೆಂದು ತೀರ್ಮಾನಿಸಿದ್ದೇನೆ. ಹಾಲಿನ ಬೀಗದ ಕೈಯನ್ನು ಹಿರಿಯ ಹುಡುಗಿಯೊಬ್ಬಳಿಗೆ ಕೊಡುತ್ತೇನೆ. ನನಗೆ ಉಸಿರು ವಾಪಸು ಬಂತು, ನಿನ್ನ ಕಾಲು ಬರಲಿಲ್ಲ. ಎದುರಿಗಿದ್ದ ನೋವು ಕಾಣದವಳು ಕಲಿಸಬಾರದು. ತಂಗಿಗೆ ಇನ್ನೂ ಹೇಳಿಲ್ಲ.

ಟೀಚರ್


ಮೇ 7

ಟೀಚರ್,

ದಯವಿಟ್ಟು ಸಭೆಗೆ ಮೊದಲು ಇದನ್ನು ಓದಿ. ಅದಕ್ಕೇ ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ನಿಮ್ಮ ಪ್ರಶ್ನೆಯನ್ನು ನಾನು ಬಿಟ್ಟದ್ದು ನಿಮಗೆ ನೋವಾಗುತ್ತದೆಂದಲ್ಲ. ನನಗೆ ಹೆದರಿಕೆಯಾಗಿ.

ಆ ಪ್ರದರ್ಶನಕ್ಕೆ ಮೂರು ವಾರ ಮುಂಚೆ ನನ್ನ ಮಂಡಿ ಒಮ್ಮೆ ಜಾರಿತ್ತು. ತಾಲೀಮಿನಲ್ಲಲ್ಲ, ಬಸ್ಸಿನಿಂದ ಇಳಿಯುವಾಗ. ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿ ಸ್ಪಷ್ಟವಾಗಿ ಹೇಳಿದರು: “ಲಿಗಮೆಂಟ್ ಅರ್ಧ ಹರಿದಿದೆ. ಮೂರು ತಿಂಗಳು ಕುಣಿಯೋ ಹಾಗಿಲ್ಲ. ಕುಣಿದ್ರೆ ಪೂರ್ತಿ ಹೋಗುತ್ತೆ.” ಚೀಟಿಯಲ್ಲೂ ಬರೆದುಕೊಟ್ಟರು. ನಾನು ಆ ಚೀಟಿಯನ್ನು ಆಸ್ಪತ್ರೆಯ ಗೇಟಿನ ಹತ್ತಿರವೇ ಹರಿದು ಹಾಕಿದೆ. ಅಮ್ಮನಿಗೂ ಹೇಳಲಿಲ್ಲ.

ಮೂರು ವಾರ ನೋವಿನ ಮಾತ್ರೆ ನುಂಗಿ ತಾಲೀಮು ಮಾಡಿದೆ. ಮಂಡಿಗೆ ಬ್ಯಾಂಡೇಜು ಸುತ್ತುತ್ತಿದ್ದೆ. ಅದು ಕಾಣಬಾರದೆಂದು ತಂಗಿಯವರ ಹತ್ತಿರ ಹೋಗಿ “ಕಾಲಿನ ಹತ್ರ ಸ್ವಲ್ಪ ಸಡಿಲ ಬಿಡಿ ಚಿಕ್ಕಮ್ಮ, ಹಾರೋಕೆ ಅನುಕೂಲ” ಎಂದು ಉಡುಪು ಬಿಚ್ಚಿ ಹೊಲಿಸಿಕೊಂಡೆ. ಗ್ರೀನ್ ರೂಮಿನಲ್ಲಿ ನಾನು ನಿಮಗೆ ಹೇಳಿದ್ದು ‘ಮಂಡಿ ನೋಯುತ್ತಿದೆ’ ಎಂದಲ್ಲ. “ಮಂಡಿ ಸ್ವಲ್ಪ ಹಿಡ್ಕೊಂಡಿದೆ ಟೀಚರ್” ಅಂದೆ, ಅದೂ ನಗುತ್ತ. ನರ್ತಕರೆಲ್ಲ ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ನೀವು ಎಲ್ಲರಿಗೂ ಹೇಳುವ ಉತ್ತರವನ್ನೇ ನನಗೂ ಹೇಳಿದಿರಿ.

ನಿಮಗೆ ನೋವು ಕಾಣಲಿಲ್ಲ, ಯಾಕೆಂದರೆ ನಾನು ಅದನ್ನು ಮುಖಕ್ಕೆ ಬರಲು ಬಿಡಲಿಲ್ಲ. ಎದೆ ಬಿಗಿಹಿಡಿದು ಮುಖ ತಿಳಿಯಾಗಿಡುವುದು ನನಗೆ ಚೆನ್ನಾಗಿ ಬರುತ್ತಿತ್ತು. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ.

ಯಾಕೆ ಹೇಳಲಿಲ್ಲ ಎಂದರೆ, ಅದರ ಹಿಂದಿನ ವರ್ಷ ಹಿಮ್ಮಡಿ ನೋವೆಂದು ಎರಡು ದಿನ ಕೂತ ಹುಡುಗಿಯ ಪಾತ್ರವನ್ನು ಮೂರನೆಯ ದಿನ ನೀವು ನನಗೆ ಕೊಟ್ಟಿದ್ದಿರಿ. ಅವಳು ಗೋಡೆಗೊರಗಿ ನಾನು ಕುಣಿಯುವುದನ್ನು ನೋಡುತ್ತಿದ್ದಳು. ನಾನು ಆ ಗೋಡೆಗೆ ಒರಗಲು ತಯಾರಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಡೆದದ್ದು ಹಾಗೆ.

ಆಪರೇಷನ್ ಆದ ಮೇಲೆ ಅಮ್ಮ ಮಂಚದ ಪಕ್ಕ ಕೂತು ಕೇಳಿದರು, “ಈ ಕಾಲಲ್ಲಿ ಯಾರು ನಿನ್ನ ಕುಣಿಸಿದ್ದು?” ನಾನು “ಟೀಚರ್” ಅಂದೆ. ಒಂದೇ ಮಾತು. ಅಮ್ಮನ ಬೈಗುಳ ತಪ್ಪಿಸಿಕೊಳ್ಳಲು. ಮರುದಿನ ನೀವು ಬಂದಿರಿ. ಬಾಗಿಲಲ್ಲೇ ಅಮ್ಮ ನಿಮ್ಮನ್ನು ತಡೆದು “ನಿಮ್ಮ ಮುಖ ನೋಡೋದೂ ಬೇಡ ನಮಗೆ, ಹೋಗಿ” ಅಂದರು. ನನಗೆ ಎಚ್ಚರವಿತ್ತು ಟೀಚರ್. ಕಣ್ಣು ಮುಚ್ಚಿ, ನಿದ್ದೆ ಹೋದವರ ಹಾಗೆ ಉದ್ದಕ್ಕೆ ಉಸಿರಾಡುತ್ತಿದ್ದೆ. ನಿಮ್ಮ ಹೆಜ್ಜೆ ಸದ್ದು ಆಸ್ಪತ್ರೆಯ ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.

ಆಮೇಲೆ ಆ ಮಾತು ಬೆಳೆಯಿತು. ಬಂದವರೆಲ್ಲ ಅಯ್ಯೋ ಅಂದರು. ಹೇಳಿ ಹೇಳಿ ನಾನೇ ನಂಬಿದೆ. ಈ ಪಾಠ ಶುರು ಮಾಡಿದಾಗ ಅದೇ ಮೊದಲ ದಿನದ ಕತೆಯಾಯಿತು. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಮೈ ಸುಳ್ಳು ಹೇಳುವುದಿಲ್ಲ ಎಂದು ದಿನವೂ ಕಲಿಸುತ್ತೇನೆ, ಬಾಯಿಂದ ಹನ್ನೊಂದು ವರ್ಷ ಸುಳ್ಳು ಹೇಳಿದ್ದೇನೆ.

ಈ ಪತ್ರವನ್ನು ಸಭೆಯಲ್ಲಿ ಓದಿ. ಪೂರ್ತಿ ಓದಿ. ಕಲಿಸುವುದನ್ನು ಬಿಡಬೇಡಿ. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ, ಅಷ್ಟು ಮುಖ ನನಗಿಲ್ಲ.

ಬುಗುರಿ


ಮೇ 24

ನಿನ್ನ ಪತ್ರ ಹನ್ನೊಂದನೇ ತಾರೀಕು ಬಂತು.

ಮೊದಲು ಕೋಪದ ವಿಷಯ ಹೇಳಿಬಿಡುತ್ತೇನೆ. ನಾಲ್ಕು ದಿನ ನೆಲಕ್ಕೆ ಬೆನ್ನು ತಾಗಿಸಲಿಲ್ಲ. ಮಲಗಿದರೆ ಎದೆ ಕಲ್ಲಾಗುತ್ತಿತ್ತು. ತಂಗಿ ಪತ್ರ ಓದಿ, ತಾನು ಬಿಚ್ಚಿ ಹೊಲಿದ ಉಡುಪಿನ ಸಾಲಿಗೆ ಬಂದಾಗ ಕನ್ನಡಕ ತೆಗೆದಿಟ್ಟಳು. “ನನ್ನ ಕೈಯಿಂದಲೇ ಮುಚ್ಚಿಸಿದಳಲ್ಲಕ್ಕಾ. ಹನ್ನೊಂದು ವರ್ಷ ನಿನ್ನ ಹೆಸರು ಕೆಡಿಸಿದಳು,” ಅಂದಳು. ನಾನು ನಿನ್ನ ಪರ ಮಾತಾಡಲಿಲ್ಲ. ಆಸ್ಪತ್ರೆಯ ಆ ಕಾರಿಡಾರ್ ನೆನಪಿದೆ ನನಗೆ. ಕೈಯಲ್ಲಿ ಹಣ್ಣಿನ ಚೀಲವಿತ್ತು. ಅದನ್ನು ಬಸ್ ಸ್ಟಾಪಿನ ಬೆಂಚಿನ ಮೇಲೆ ಬಿಟ್ಟು ಬಂದೆ. ನಿನಗೆ ಎಚ್ಚರವಿತ್ತು ಅನ್ನುವುದನ್ನು ಓದಿದಾಗ ಆ ಬೆಂಚಿನ ಮೇಲೆ ಮತ್ತೆ ಕೂತ ಹಾಗಾಯಿತು.

ಐದನೆಯ ದಿನ ಹಿಮ್ಮಡಿ ನೋವಿನ ಹುಡುಗಿ ನೆನಪಾದಳು. ಅವಳ ಮುಖ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ನಿನ್ನ ಮುಖವನ್ನು ಹನ್ನೊಂದು ವರ್ಷ ತಿರುವಿ ನೋಡಿದವಳಿಗೆ ಅವಳ ಮುಖವೇ ಬರಲಿಲ್ಲ. ಪಾತ್ರ ಕಿತ್ತುಕೊಂಡು ಇನ್ನೊಬ್ಬಳಿಗೆ ಕೊಟ್ಟಾಗ ಅದೊಂದು ದೊಡ್ಡ ವಿಷಯ ಅಂತಲೇ ಅನ್ನಿಸಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಇಷ್ಟು ವರ್ಷ ತಪ್ಪು ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಸಭೆಯಲ್ಲಿ ನಿನ್ನ ಪತ್ರ ಓದಲಿಲ್ಲ. ಅದು ನನಗೆ ಬರೆದದ್ದು. ಎದ್ದು ನಿಂತು ಇಷ್ಟು ಹೇಳಿದೆ: “ಅವತ್ತು ಆ ಹುಡುಗಿ ನೋವನ್ನ ನನ್ನಿಂದ ಮುಚ್ಚಿಟ್ಟಿದ್ಲು. ಅದು ಅವಳ ತಪ್ಪು. ಹೇಳಿದ್ರೆ ಪಾತ್ರ ಹೋಗುತ್ತೆ ಅನ್ನೋ ಹಾಗೆ ತಂಡ ನಡೆಸಿದ್ದು ನಾನು. ಅದು ನನ್ನ ತಪ್ಪು. ಎರಡೂ ಸೇರಿ ಒಂದು ಕಾಲು ಹೋಯ್ತು.” ಮಧ್ಯೆ ಎಲ್ಲೂ ದನಿ ತುಂಡಾಗಲಿಲ್ಲ. ಇನ್ನು ಮುಂದೆ ನೋವೆಂದು ಯಾರು ಕೂತರೂ ಪಾತ್ರ ಅವರದೇ. ಬದಲಿಗೆ ಬಂದವರು ಆ ಪ್ರದರ್ಶನಕ್ಕೆ ಮಾತ್ರ ಎಂದೂ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ತಂದೆ ಕೇಳಿದರು, “ಹಾಗಾದ್ರೆ ಎಲ್ಲ ಮಕ್ಕಳೂ ನೋವು ನೋವು ಅಂತ ಕೂತ್ರೆ?” ತಂಗಿ ಅಲ್ಲಿಂದಲೇ “ಕೂರ್ಲಿ ಬಿಡಿ, ನಾನೂ ಅಕ್ಕನೂ ಕುಣೀತೀವಿ” ಅಂದಳು. ಸಭೆ ನಕ್ಕಿತು.

ಬೀಗದ ಕೈ ನನ್ನ ಹತ್ತಿರವೇ ಇದೆ.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ನಿನ್ನ ಮೊದಲ ದಿನದ ಕತೆಯನ್ನು ಸರಿಮಾಡು. ಕೇಳಿದವರಿಗೆಲ್ಲ.

ಟೀಚರ್


ಜೂನ್ 13

ಪ್ರೀತಿಯ ಟೀಚರ್,

ಹೇಳಿದೆ. ಸೋಮವಾರ, ಮೂರು ತಂಡದವರೂ ಸೇರಿದ್ದಾಗ. ಮಲಗಿಸಿ ಹೇಳಿದರೆ ಸುಲಭವಾಗುತ್ತಿತ್ತು, ಯಾರ ಮುಖವೂ ಕಾಣುತ್ತಿರಲಿಲ್ಲ. ಎಲ್ಲರನ್ನೂ ಕೂರಿಸಿಯೇ ಹೇಳಿದೆ. ಆಸ್ಪತ್ರೆಯ ಚೀಟಿ, ಬ್ಯಾಂಡೇಜು, ಅಮ್ಮನಿಗೆ ಹೇಳಿದ ಒಂದು ಮಾತು, ಮುಚ್ಚಿದ ಕಣ್ಣು, ಒಂದನ್ನೂ ಬಿಡಲಿಲ್ಲ. ಕೆಳಗೆ ಸುತ್ತಿಗೆ ಬಡಿಯುತ್ತಲೇ ಇತ್ತು.

ಒಬ್ಬಳು ಎದ್ದು ಚೀಲ ತೆಗೆದುಕೊಂಡು, “ನಿಮ್ಮ ಮಾತು ಕೇಳಿ ನಾನು ನನ್ನ ಗುರುಗಳನ್ನ ಬಿಟ್ಟು ಬಂದೆ” ಎಂದು ಹೇಳಿ ಹೋದಳು. ಮತ್ತೆ ಬಂದಿಲ್ಲ. ಅವಳ ಹಿಂದೆ ಇನ್ನಿಬ್ಬರು. ಅವರು ಹೋಗಿದ್ದು ಸರಿ ಅನ್ನಿಸಿತು.

ತರಗತಿ ಮುಗಿದು ಹಾಲು ಖಾಲಿಯಾದ ಮೇಲೆ ಹತ್ತೊಂಬತ್ತರ ಒಬ್ಬ ಹುಡುಗಿ ಕಿಟಕಿಯ ಹತ್ತಿರ ಉಳಿದಿದ್ದಳು. ಬಹಳ ಚೆನ್ನಾಗಿ ಜಿಗಿಯುವವಳು, ಮಾತು ಕಡಿಮೆ. ಕಾಲುಚೀಲ ಬಿಚ್ಚಿ ಎಡಪಾದ ತೋರಿಸಿದಳು. ಊದಿಕೊಂಡಿತ್ತು.

“ಎಷ್ಟು ದಿನದಿಂದ?” ಎಂದೆ.

“ಎರಡು ತಿಂಗಳು. ಯಾರಿಗೂ ಹೇಳಿಲ್ಲ.”

“ಪ್ರದರ್ಶನ ಯಾವತ್ತು?”

“ಒಂಬತ್ತು ದಿನ ಇದೆ.”

ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಪಾದದ ಮೂಳೆಯಲ್ಲಿ ಬಿರುಕು. ಮರುದಿನ ಅವಳ ತಂಡದ ನಿರ್ದೇಶಕರ ಹತ್ತಿರ ಇಬ್ಬರೂ ಹೋದೆವು. ಅವರು ಕೆಟ್ಟವರಲ್ಲ. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, “ಮೊದಲೇ ಹೇಳ್ಬಾರ್ದಿತ್ತಾ ಮಗಳೇ” ಎಂದರು. ಆಮೇಲೆ ಅಲ್ಲೇ ನಿಂತು, ಫೋನ್ ತೆಗೆದು, ಪಾತ್ರವನ್ನು ಇನ್ನೊಬ್ಬಳಿಗೆ ಕೊಟ್ಟರು. ಮುಂದಿನ ವರ್ಷದ ಪ್ರವಾಸಕ್ಕೂ ಆ ಇನ್ನೊಬ್ಬಳನ್ನೇ ಗೊತ್ತು ಮಾಡಿದರು. ನಿಮ್ಮ ಸಭೆಯ ಮಾತು ಹೇಳಿ ನೋಡಿದೆ. “ಅದೆಲ್ಲ ಕೇಳೋಕೆ ಚೆನ್ನಾಗಿರುತ್ತೆ” ಅಂದರು.

ಹೊರಗೆ ಬಂದು ಹುಡುಗಿ ಅತ್ತಳು. “ನಿಮ್ಮ ಮಾತು ಕೇಳಿ ಹೇಳಿದೆ. ಹೇಳಿದ್ದಕ್ಕೆ ಹೋಯ್ತು,” ಅಂದಳು. ಹೌದು ಅಂದೆ. ಫುಟ್‌ಪಾತಿನ ಕಟ್ಟೆಯ ಮೇಲೆ ಅವಳ ಜೊತೆ ಕೂತಿದ್ದೆ, ಅಷ್ಟೇ. ಅಳು ಇಳಿಯುತ್ತ ಅವಳ ಉಸಿರು ತಾನಾಗಿ ಹೊಟ್ಟೆಗಿಳಿಯಿತು. ಅವಳು ಗಮನಿಸಲಿಲ್ಲ, ನಾನು ಗಮನಿಸಿದೆ.

ಈಗ ಕಾಲಿಗೆ ಪ್ಲಾಸ್ಟರು ಹಾಕಿದ್ದಾರೆ. ಊರುಗೋಲು ಹಿಡಿದು ದಿನವೂ ಬರುತ್ತಾಳೆ, ಮೂಲೆಯಲ್ಲಿ ಮಲಗುತ್ತಾಳೆ. ಮೂಳೆ ಕೂಡುತ್ತದೆ ಅಂದಿದ್ದಾರೆ. ಆದರೆ ಅವಳು ಯಾರಿಗಾಗಿ ಕುಣಿಯಬೇಕು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಬುಗುರಿ


ಜೂನ್ 22

ಬುಗುರಿಗೆ,

ಆ ಹುಡುಗಿಯನ್ನು ಕರೆದುಕೊಂಡು ಬಾ. ಅವಳ ಮನೆಯವರನ್ನು ಕೇಳಿ, ಒಪ್ಪಿದರೆ. ನಮ್ಮ ಹೊಸ ನೃತ್ಯದ ತಾಲೀಮು ಜುಲೈಯಲ್ಲಿ ಶುರು. ಪ್ಲಾಸ್ಟರು ಬಿಚ್ಚುವವರೆಗೆ ಕುರ್ಚಿಯ ಮೇಲೆ ಕೂತು ಕೈ, ಕಣ್ಣು, ತಾಳ ಕಲಿಯಲಿ. ಅವಳ ಜಾಗ ಈಗಲೇ ಬರೆದಿಟ್ಟಿದ್ದೇನೆ. ಮೂಳೆ ಕೂಡಲು ಎಷ್ಟು ತಿಂಗಳು ಬೇಕೋ ಅಷ್ಟು ಕಾಯುತ್ತೇವೆ. ಯಾರಿಗಾಗಿ ಕುಣಿಯಬೇಕು ಅನ್ನುವುದು ಇಲ್ಲಿಗೆ ಬಂದು ಕೇಳಲಿ. ನನ್ನ ಹತ್ತಿರವೂ ಉತ್ತರವಿಲ್ಲ, ಆದರೆ ನಮ್ಮಲ್ಲಿ ಹದಿನೇಳು ಹುಡುಗಿಯರಿದ್ದಾರೆ, ಒಬ್ಬಳಾದರೂ ಹೇಳಬಹುದು. ಉಳಿದುಕೊಳ್ಳಲು ನಮ್ಮ ಮನೆಯಿದೆ. ತಂಗಿ ಈಗಾಗಲೇ ಪ್ಲಾಸ್ಟರಿನ ಮೇಲೆ ಹಾಕುವಂತೆ ಅಗಲ ಕಾಲಿನ ಪೈಜಾಮ ಕತ್ತರಿಸಿಟ್ಟಿದ್ದಾಳೆ. ನಿನ್ನ ಮೇಲೆ ಮುನಿಸಿರುವುದರಿಂದ ಈ ವಿಷಯ ನಿನಗೆ ಬರೆಯಬಾರದೆಂದು ಹೇಳಿದ್ದಾಳೆ.

ನೀನೂ ಒಂದು ತಿಂಗಳು ಇದ್ದು ಹೋಗು. ಇಲ್ಲಿ ನಿನ್ನ ನೆಲದ ಪಾಠವನ್ನು ನಾನೇ ಹೇಳಿಕೊಡುತ್ತಿದ್ದೇನೆ, ಆದರೆ ಹುಡುಗಿಯರು ಸುಖವಾಗಿಲ್ಲ. “ಟೀಚರ್ ಗದರಿಸಿ ಗದರಿಸಿ ಉಸಿರಾಡಿಸ್ತಾರೆ” ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದು ಕೇಳಿಸಿತು. ಮಲಗಿರುವವರ ನಡುವೆ ಕೋಲು ಹಿಡಿದು ಓಡಾಡಬಾರದಂತೆ. ಅಭ್ಯಾಸ, ಏನು ಮಾಡಲಿ.

ಕ್ಷಮಿಸಿದೆನೋ ಇಲ್ಲವೋ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಕೋಪ ಪೂರ್ತಿ ಹೋಗಿಲ್ಲ. ಕಾಗದದಲ್ಲಿ ಹೋಗುವ ಜಾತಿಯದೂ ಅಲ್ಲ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ಸಲ ಮನಸಾರೆ ಬೈಯಬೇಕು. ಬೇಗ ಬಾ, ಈಗ ಅದಕ್ಕೆ ಬೇಕಾದಷ್ಟು ಉಸಿರಿದೆ.

ಟೀಚರ್